ಎದುರು ಪಾರ್ಟಿ ವಕೀಲರು

ಕಾಮಾಕ್ಷಮ್ಮ ಹುಟ್ಟಿದಾಗಿನಿಂದ ಮೊಂಡಿ. ಅವಳ ಅಪ್ಪ ಬೋರಪ್ಪನೇ ಹೇಳುತ್ತಿದ್ದ ಮಾತಿದು. ತೊಂಬತ್ತೆಂಟರಲ್ಲಿ ಬೋರಪ್ಪ ಉಯಿಲು ಬರೆಯದೆ ತೀರಿಕೊಂಡ. ತಿಥಿ ಮುಗಿದ ಸಂಜೆಯೇ ತಮ್ಮ ಪುಟ್ಟರಾಜು ಒಂದು ಸೀರೆ, ಅರಿಶಿನ ಕುಂಕುಮ, ಜೊತೆಗೆ ಅಪ್ಪನ ತೆಂಗಿನ ತೋಟದ ಹಕ್ಕು ಬಿಡುಗಡೆ ಪತ್ರವನ್ನು ತಟ್ಟೆಯಲ್ಲಿಟ್ಟು ತಂದ.

"ಇಲ್ಲೊಂದು ಸೈನ್ ಆಕ್ಬುಡಕ್ಕ."

ಆ ಕಡೆಯ ಹೆಣ್ಣುಮಕ್ಕಳೆಲ್ಲ ಹಾಗೇ ಸಹಿ ಹಾಕಿ, ಸೀರೆ ಮಡಿಲಿಗೆ ಹಾಕಿಸಿಕೊಂಡು ಗಂಡನ ಮನೆಗೆ ಹೋದವರು. ಕಾಮಾಕ್ಷಮ್ಮ ಪೆನ್ನು ಮುಟ್ಟಲಿಲ್ಲ.

"ಆ ತ್ವಾಟದ ತೆಂಗಿನ ಸಸಿಗೆ ನೀರು ಒತ್ತೋಳು ನಾನು. ನೀನಾಗ ತೊಟ್ಟಿಲಲ್ಲಿದ್ದೆ ಕಣ್ಲಾ. ನಂಗೂ ಪಾಲು ಬೇಕು," ಎಂದವಳೇ ಗಂಡನ ಊರು ಕಟ್ಟಾಯಕ್ಕೆ ಹೊರಟುಬಿಟ್ಟಳು.

ತವರಿನ ತಾಲ್ಲೂಕು ಚನ್ನರಾಯಪಟ್ಟಣದಲ್ಲಿ ವಕೀಲರಿಗೇನು ಬರವೇ? ಆದರೆ ಪುಟ್ಟರಾಜು ಅಲ್ಲಿ ಕಾಯಿ ಮಂಡಿ ಇಟ್ಟು ದೊಡ್ಡ ಮನುಷ್ಯನಾಗಿದ್ದ. ಮೊದಲನೇ ವಕೀಲರು ಕಾಫಿ ಕುಡಿಸಿ, ಒಡಹುಟ್ಟಿದವನ ಮೇಲೆ ಕೇಸು ಹಾಕಿದರೆ ಜನ ಉಗಿಯುತ್ತಾರೆಂದು ಬುದ್ಧಿ ಹೇಳಿ ಕಳಿಸಿದರು. ಎರಡನೆಯವರು ಅವಳ ಮಾತು ಪೂರ್ತಿ ಕೇಳಿಸಿಕೊಂಡು, ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಪುಟ್ಟರಾಜುವಿಗೆ ಫೋನು ಮಾಡಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ತಮ್ಮನ ಹಂಗಿಲ್ಲದ, ತೋಟದ ಸಂಗತಿ ಗೊತ್ತಿರುವ ವಕೀಲರು ಒಬ್ಬರೇ ಉಳಿದಿದ್ದರು: ಹಾಸನದ ಸಂಪತ್ಕುಮಾರ. ಹಿಂದೆ ದಾಯಾದಿಯೊಬ್ಬ ಆ ತೋಟ ಒಟ್ಟು ಕುಟುಂಬದ್ದೆಂದು ಬೋರಪ್ಪನ ಮೇಲೆ ಕೇಸು ಹಾಕಿದ್ದಾಗ, ದಾಯಾದಿಯ ಪರ ನಿಂತಿದ್ದವರು ಇವರೇ. ಸಾಯುವತನಕ ಬೋರಪ್ಪ ಅವರನ್ನು ಬೈಯದ ದಿನವಿರಲಿಲ್ಲ.

"ಅಪ್ಪನ ಶತ್ರು ಅತ್ರಕ್ಕೆ ಓಯ್ತೀಯಾ?" ಎಂದು ಗಂಡ ತಿಮ್ಮಪ್ಪ ಬಾಯಿ ಬಿಟ್ಟ.

"ನೆಂಟ್ರು ಇಷ್ಟ್ರನ್ನೆಲ್ಲ ನೋಡಾಯ್ತಲ್ಲ!"

ಹಾಸನದ ಆಫೀಸಿನಲ್ಲಿ ಮುದಿ ವಕೀಲರು ಕನ್ನಡಕ ಏರಿಸಿ ಅವಳನ್ನು ನೋಡಿದರು.

"ಬೋರಪ್ಪನವರ ಮಗಳಾ? ನಿಮ್ಮಪ್ಪ ಕೋರ್ಟ್ ಬಾಗಿಲಲ್ಲೇ ಮಣ್ಣು ತೂರಿ ನನಗೆ ಶಾಪ ಹಾಕಿದ್ರಮ್ಮ."

"ಗೊತ್ತು ಸಾ. ಪಕ್ದಲ್ಲಿ ನಿಂತು ನಾನೂ ಆಕಿದ್ದೆ."

ಸಂಪತ್ಕುಮಾರರು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಹೇಳಿದರು: "ಪಿತ್ರಾರ್ಜಿತ ಅಂತ ಒಪ್ಪಿಸೋಕೆ ಅವರನ್ನ ಕಟಕಟೆಯಲ್ಲಿ ನಿಲ್ಲಿಸಿ ಅರೆದುಬಿಟ್ಟೆ. ಜಪ್ಪಯ್ಯ ಅಂದ್ರೂ ಬಗ್ಗಲಿಲ್ಲ. ನಾನೇ ದುಡಿದು ಕೊಂಡಿದ್ದು, ನಮ್ಮಪ್ಪನದಲ್ಲ ಅಂತ ಪ್ರಮಾಣ ಮಾಡಿದ್ರು. ಕೋರ್ಟೂ ಒಪ್ತು, ನಾನು ಸೋತೆ. ಸ್ವಂತ ದುಡಿಮೆ ಆಸ್ತಿ ಅಂದಮೇಲೆ ಮಗನಿಗೆಷ್ಟೋ ಮಗಳಿಗೂ ಅಷ್ಟೇ."

ಕೇಸು ಬಿತ್ತು. ಬಂಧುಗಳು ಅವಳನ್ನು ಮನೆಮುರುಕಿ ಎಂದರು. ತೋಟ ತಾತನ ಕಾಲದ್ದು, ಪಿತ್ರಾರ್ಜಿತದಲ್ಲಿ ಮದುವೆಯಾಗಿ ಹೋದವಳಿಗೆ ಆಗಿನ ಕಾನೂನಿನಂತೆ ಸಮಪಾಲು ಇಲ್ಲ ಎಂದು ಪುಟ್ಟರಾಜು ವಾದ ಹೂಡಿದ. ವರ್ಷಗಳು ಎಳೆದು ಕೊನೆಗೆ ಅವನು ಕಟಕಟೆ ಹತ್ತಿದ ದಿನ, ಅದೇ ಬಂಧುಗಳು ಬೆಂಚಿನ ತುಂಬ ಕೂತಿದ್ದರು.

ಸಂಪತ್ಕುಮಾರರು ಒಂದೇ ಪ್ರಶ್ನೆ ಕೇಳಿದರು: "ಹಾಗಾದ್ರೆ ನಿಮ್ಮ ತಂದೆ ಸುಳ್ಳು ಪ್ರಮಾಣ ಮಾಡಿದ್ರು ಅನ್ನಿ?"

ಪುಟ್ಟರಾಜು ಬೆಂಚಿನ ಕಡೆ ನೋಡಿದ. ಸತ್ತ ಅಪ್ಪನನ್ನು ಅವರೆಲ್ಲರೆದುರು ಸುಳ್ಳುಗಾರ ಎನ್ನುವುದು ಅವನಿಂದಾಗಲಿಲ್ಲ.

ಮಧ್ಯಾಹ್ನ ಕೋರ್ಟಿನ ಜಗಲಿಗೆ ಬಂದು, ಮುಖ ಅತ್ತ ತಿರುಗಿಸಿಯೇ ಅಂದ: "ಅರ್ಧ ತಗೊಳಕ್ಕ, ರಾಜಿಗೆ ಬತ್ತೀನಿ. ಆದ್ರೆ ಇವತ್ತಿಗೆ ತವರು ಬಾಗ್ಲು ನಿಂಗೆ ಮುಚ್ತು."

ಕಾಮಾಕ್ಷಮ್ಮ ಎತ್ತಿ ಆಡಿಸಿದ ತಮ್ಮ. ಕಣ್ಣು ತುಂಬಿದ್ದನ್ನು ಅವಳು ಒರೆಸಿಕೊಳ್ಳಲೂ ಇಲ್ಲ.

"ಮುಚ್ಕೊಳ್ಲಾ. ತ್ವಾಟಕ್ಕೆ ಬಾಗ್ಲಿಲ್ಲ. ಸರ್ವೇಯರ್ನ ಕರ್ಕೊಂಡ್ ಬತ್ತೀನಿ, ಕಲ್ಲು ನೆಡ್ಸಕ್ಕೆ ನೀನೂ ಬಾ."