ದೊಡ್ಡಮ್ಮನ ಪಕ್ಕದ ಜಾಗ

ಮಿರರ್‌ಲೆಸ್ ಕ್ಯಾಮೆರಾ ಕೊಂಡ ಮೇಲೆ ನನಗೆ ಲೆನ್ಸಿನ ಹುಚ್ಚು ಹಿಡಿಯಿತು. ಶಿರಾದ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಮೇಡಂ. ಭಾನುವಾರ ಬಂತೆಂದರೆ ಸ್ಕೂಟರ್ ಹತ್ತಿ ಕಗ್ಗಲಡುವಿಗೆ ಹೋಗಿ, ಹುಣಸೆಮರಗಳ ಕೆಳಗೆ ಕತ್ತು ನೋಯುವ ತನಕ ಕೊಕ್ಕರೆ ನೋಡುತ್ತಾ ನಿಂತುಬಿಡುತ್ತಿದ್ದೆ. ಹಕ್ಕಿಗೆ ಅಂತ ಒಂದು ಉದ್ದನೆಯ ಜೂಮ್ ಇತ್ತು. ಮಿಕ್ಕಿದ್ದಕ್ಕೆಲ್ಲ ಕ್ಯಾಮೆರಾ ಜೊತೆಗೇ ಬಂದಿದ್ದ ಪುಟ್ಟ ಕಿಟ್ ಲೆನ್ಸ್ ಸಾಕಾಗುತ್ತಿತ್ತು. ಇಕ್ಕಟ್ಟಿನ ಮನೆಯೊಳಗೂ ಹತ್ತು ಜನರನ್ನು ಅಗಲಕ್ಕೆ ಹಿಡಿಯುತ್ತಿತ್ತು, ಬ್ಯಾಗಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ.

ಆದರೆ ನಾನಿದ್ದ ಫೋಟೋಗ್ರಫಿ ವಾಟ್ಸಾಪ್ ಗುಂಪಿನ ಮಹಾಶಯರು ಅದನ್ನು ಲೆನ್ಸ್ ಅಂತಲೇ ಒಪ್ಪುತ್ತಿರಲಿಲ್ಲ. "ಮೇಡಂ, ಇನ್ನೂ ಕಿಟ್ಟಲ್ಲೇ ಇದೀರಾ?" ಅಂತ ಒಬ್ಬ ಕೇಳಿದ. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ತಿಂಗಳುಗಟ್ಟಲೆ ರಿವ್ಯೂ ನೋಡಿ ತಲೆ ಕೆಡಿಸಿಕೊಂಡು, ತುಮಕೂರಿನ ಅಂಗಡಿಯಲ್ಲಿ ಆ ಕಿಟ್ ಲೆನ್ಸನ್ನು ಎಕ್ಸ್‌ಚೇಂಜಿಗೆ ಕೊಟ್ಟು ಎಂಬತ್ತೈದು ಎಂಎಂ ಪೋರ್ಟ್ರೇಟ್ ಲೆನ್ಸ್ ತಂದೆ. ಒಂದು ಮುಖ ಮಾತ್ರ ಕಣ್ಣಿಗೆ ಕಟ್ಟಿದ ಹಾಗೆ ಬರುತ್ತೆ, ಹಿಂದಿನದ್ದೆಲ್ಲ ಬೆಣ್ಣೆಯ ಹಾಗೆ ಕರಗಿಹೋಗುತ್ತೆ. ಎಂಥಾ ಸೊಗಸು ಅಂತೀರಿ. ಅಕ್ಕಪಕ್ಕದವರನ್ನೆಲ್ಲ ಹಿಡಿದು ಕೂರಿಸಿ ತೆಗೆದೆ.

ಅದೇ ಸುಮಾರಿಗೆ ಮಿಡಿಗೇಶಿಯಲ್ಲಿದ್ದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಹೆತ್ತವಳು ಬೇಗ ಹೋದದ್ದರಿಂದ ಅಮ್ಮನ ತಲೆ ಬಾಚಿ, ಜಡೆ ಹಾಕಿ, ಬೆಳೆಸಿದ್ದೇ ಅವಳು. ಆದರೂ ಇಬ್ಬರೂ ಜೊತೆಗಿರುವ ಒಂದೇ ಒಂದು ಫೋಟೋ ಇರಲಿಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು ದೊಡ್ಡಮ್ಮ. ಶುಭಕಾರ್ಯದಲ್ಲಿ ತಾನು ಮುಂದೆ ನಿಲ್ಲಬಾರದು ಅಂತ, ಫೋಟೋ ತೆಗೆಯುವ ಹೊತ್ತಿಗೆ ತಾನೇ ಅಡುಗೆಮನೆ ಸೇರಿಕೊಳ್ಳುತ್ತಿದ್ದಳು. ಅಮ್ಮನ ಮದುವೆಯ ಆಲ್ಬಮ್ಮಿನಲ್ಲೂ ಅವಳಿಲ್ಲ.

"ನಿನ್ ಕ್ಯಾಮೆರಾ ತಗೊಳ್ಳೇ. ಅಕ್ಕಂದೂ ನಂದೂ ಒಂದು ಫೋಟೋ ಆಗ್ಲಿ, ಈ ಸಲ ಅವಳೂ ಹ್ಞೂಂ ಅಂದವ್ಳೆ" ಅಂದಳು ಅಮ್ಮ. ಯಾವತ್ತೂ ಏನೂ ಕೇಳದವಳು. ಮಧುಗಿರಿಯಲ್ಲಿ ಬಸ್ ಬದಲಿಸಿ ಹೋದೆವು.

ದೊಡ್ಡಮ್ಮನ ಕೋಣೆಯಲ್ಲಿ ಮಂಚ ಬಿಟ್ಟರೆ ಒಬ್ಬರು ನಿಲ್ಲುವಷ್ಟು ಜಾಗ. ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದೆವು, ಅಮ್ಮ ಪಕ್ಕಕ್ಕೆ ಕೂತಳು. ನಾನು ಬೆನ್ನನ್ನು ಗೋಡೆಗೆ ಒತ್ತಿ ನಿಂತರೂ ಫ್ರೇಮಿನಲ್ಲಿ ಅರ್ಧ ಅಮ್ಮ, ಅರ್ಧ ದೊಡ್ಡಮ್ಮ. ಈ ಲೆನ್ಸಿನಲ್ಲಿ ಇಬ್ಬರು ಹಿಡಿಯಬೇಕಾದರೆ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಹೋಗಬೇಕಿತ್ತು. ಬಗ್ಗಿದೆ, ಮೂಲೆಗೆ ಸರಿದೆ, ಊಹೂಂ.

"ಫೋನಲ್ಲೇ ತೆಗಿಯೇ, ಸಾಕು" ಅಂದಳು ಅಮ್ಮ.

ನನಗೆ ಸಿಟ್ಟು ನೆತ್ತಿಗೇರಿತು. "ಗೋಡೆಗೆ ಹಾಕೋ ಫೋಟೋನ ಫೋನಲ್ಲಿ ತೆಗೀತಾರೇನಮ್ಮ? ಇದನ್ನ ಸುಮ್ನೆ ಹೊತ್ಕೊಂಡು ಬಂದಿದೀನಾ?" ಅಂದೆ. ಕತ್ತೆ ನಾನು, ಕತ್ತೆ. ಫೋನು ಕೈಯಲ್ಲೇ ಇತ್ತು.

ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ತೀರಿಹೋದ ಯಜಮಾನರನ್ನು ಹೆಂಡತಿಯ ಪಕ್ಕ ಕೂರಿಸಿ ಜೋಡಿ ಫೋಟೋ ಮಾಡಿಕೊಡುವುದು ದಿನಾ ನಡೆಯುವ ಕೆಲಸ, ಯಾರೂ ತಪ್ಪು ತಿಳಿಯುವುದಿಲ್ಲ. ನನಗೂ ಅದೇ ಬುದ್ಧಿ ಓಡಿತು. ಬದುಕಿ ಎದುರಿಗೆ ಕೂತಿದ್ದವರಿಬ್ಬರನ್ನು ಬೇರೆ ಬೇರೆ ತೆಗೆದು ಕಂಪ್ಯೂಟರಿನಲ್ಲಿ ಸೇರಿಸಲು ಹೊರಟೆ. "ಅಮ್ಮ, ನೀನು ಎದ್ದು ಬಾಗಿಲ ಹತ್ರ ನಿಂತ್ಕೋ" ಅಂದೆ.

"ಅವಳ್ಯಾಕೆ ಎದ್ಲು? ನನ್ನೊಬ್ಬಳ್ದು ಏನಕ್ಕೆ, ಬುಡವ್ವ" ಅಂದಳು ದೊಡ್ಡಮ್ಮ.

"ಆಮೇಲೆ ಸೇರಿಸ್ತೀನಿ ದೊಡ್ಡಮ್ಮ, ನೀನು ಇಲ್ಲಿ ನೋಡು."

ಅವಳು ನೋಡಲಿಲ್ಲ. ಕ್ಯಾಮೆರಾ ಸದ್ದು ಮಾಡದ್ದರಿಂದ ತೆಗೆದದ್ದೂ ಅವಳಿಗೆ ಗೊತ್ತಾಗಲಿಲ್ಲ, ಬಾಗಿಲ ಕಡೆಯೇ ಕಣ್ಣಿಟ್ಟುಕೊಂಡಿದ್ದಳು. ಅಮ್ಮನದನ್ನು ಅಂಗಳದಲ್ಲಿ ತೆಗೆದೆ.

ಹತ್ತೇ ದಿನಕ್ಕೆ ದೊಡ್ಡಮ್ಮ ಹೋಗಿಬಿಟ್ಟಳು. ಹನ್ನೊಂದನೇ ದಿನದ ಕಾರ್ಯದಲ್ಲಿ ನಾನು ತೆಗೆದ ಫೋಟೋಕ್ಕೇ ಹಾರ ಹಾಕಿದ್ದರು. "ಎಷ್ಟು ಕ್ಲಿಯರ್ ಬಂದೈತೆ ಕಣಮ್ಮ" ಅಂತ ಬಂದವರು ಹೊಗಳಿದರು. ನಾಚಿಕೆಗೇಡು, ನಾನು ಒಳಗೊಳಗೇ ಹಿಗ್ಗಿದೆ.

ಆಮೇಲೆ ಮಾತು ಕೊಟ್ಟ ಹಾಗೆ ಸೇರಿಸಲು ಕೂತೆ. ದೊಡ್ಡಮ್ಮ ನೋಡುತ್ತಿದ್ದ ಕಡೆಗೆ ಅಮ್ಮನನ್ನು ಇಟ್ಟೆ, ಬೆಳಕು ಹೊಂದಿಸಿದೆ, ಇಬ್ಬರ ಭುಜಕ್ಕೆ ಭುಜ ತಾಗಿಸಿದೆ. ಒಂದು ವಾರ ಹಿಡಿಯಿತು. ಬೇರೆ ಯಾರೇ ನೋಡಿದರೂ ಸೇರಿಸಿದ್ದು ಅಂತ ಕಂಡುಹಿಡಿಯುತ್ತಿರಲಿಲ್ಲ. ಫ್ರೇಮ್ ಹಾಕಿಸಿ ಅಮ್ಮನ ಕೈಗೆ ಕೊಟ್ಟೆ.

ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಅಕ್ಕ ನನ್ನೇ ನೋಡ್ತಾವ್ಳೆ. ನಾನು ಎತ್ತಲೋ ನೋಡ್ಕೊಂಡು ಹಲ್ ಕಿರೀತಾ ಕೂತಿದೀನಲ್ಲೇ" ಅಂದಳು. ಸೀರೆಯ ತುದಿಯಿಂದ ಗಾಜು ಒರೆಸಿ ಫ್ರೇಮನ್ನು ನನಗೇ ವಾಪಸ್ ಕೊಟ್ಟಳು.

"ಅವತ್ತು ಅಕ್ಕ ನನ್ ಸೆರಗು ಹಿಡ್ಕೊಂಡಿದ್ಲು ಕಣೇ. ನಾನೇ ಬಿಡಿಸ್ಕೊಂಡು ಎದ್ದೆ. ನಾನು ಏಳಬಾರ್ದಿತ್ತು."

ಎಬ್ಬಿಸಿದವಳು ನಾನು. ಅದನ್ನು ಅವಳು ಇವತ್ತಿನವರೆಗೂ ಬಾಯಿತಪ್ಪಿಯೂ ಅಂದಿಲ್ಲ.