ಆಕಾಶ ಎಲ್ಲಕ್ಕಿಂತ ಕೆಳಗೆ

ನನ್ನ ಬಲಗೈಗೆ ಸುಮ್ಮನಿರಲು ಬರುವುದಿಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಬರಹ ತಿದ್ದಿಯೇ ಸವೆದ ಕೈ ಅದು. ನಿವೃತ್ತನಾಗಿ ಮಧುಗಿರಿಗೆ ಬಂದ ಮೇಲೂ ಮದುವೆಯ ಕರೆಯೋಲೆ ಕಂಡರೆ ಪೆನ್ನು ಹುಡುಕುತ್ತದೆ. ಹೋಟೆಲಿನ ಗೋಡೆಯ ತಿಂಡಿಪಟ್ಟಿಯಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೆ ನನಗೆ ಇಡ್ಲಿ ಇಳಿಯುವುದಿಲ್ಲ. ಇದು ಕಾಯಿಲೆಯೆಂದು ನನ್ನ ಹೆಂಡತಿ ವಿಶಾಲಾಕ್ಷಿ ಎಂದೋ ತೀರ್ಮಾನಿಸಿದ್ದಳು. ಮದ್ದನ್ನೂ ಅವಳೇ ತಂದಳು.

"ನಮ್ಮ ನಾಟಕಕ್ಕೆ ಎಲ್‌ಇಡಿ ಪರದೆ ಹಾಕಿಸ್ತಿದೀವಿ. ಹಿಂದ್ಗಡೆ ಚಿತ್ರ ಬದಲಾಯಿಸೋಕೆ ಒಬ್ರು ಬೇಕು. ಹೆಂಗೂ ನಿಮ್ಮ ಕೈ ಸುಮ್ನಿರಲ್ವಲ್ಲ, ಲ್ಯಾಪ್‌ಟಾಪ್ ಮೇಲಾದ್ರೂ ಆಡ್ಲಿ."

ನಾಟಕವೆಂದರೆ ಊರಿನ ಹೆಂಗಸರೇ ಸೇರಿ ಬರೆದು ಆಡುವ ಒಂದು ಬೆಟ್ಟದ ಕೋಟೆಯ ರಾಣಿಯ ಕಥೆ. ಕೊಡಿಗೇನಹಳ್ಳಿ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸಿ ನಿವೃತ್ತಳಾದ ವಿಶಾಲಾಕ್ಷಿಯೇ ರಾಣಿ. ಬಣ್ಣ ಹಚ್ಚುವುದು ಇದೇ ಮೊದಲು. ಅವಳ ಅಣ್ಣ ರುದ್ರಣ್ಣ ಶಿರಾದಲ್ಲಿ ಕಡಲೆಕಾಯಿ ವ್ಯಾಪಾರಿ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದವನು. ಸುದ್ದಿ ಕೇಳಿ ಫೋನಿನಲ್ಲಿ ಹೇಳಿದ್ದು ಇಷ್ಟು: "ಈ ವಯಸ್ನಾಗೆ ಕಿರೀಟ ಇಕ್ಕಂಡು ಕುಣಿಯೋದಾ? ನೀ ಏನಾರ ಮಾಡ್ಕೊ, ನಾ ಬರಾಕಿಲ್ಲ ಕಣಮ್ಮ."

ಅಂದಿನಿಂದ ತಾಲೀಮಿನ ನಡುವೆ ಫೋನು ಗುಣುಗುಟ್ಟಿದರೆ ಸಾಕು, ರಾಣಿಯ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನಾಟಕ ಕೆಟ್ಟರೂ ಚಿಂತೆಯಿರಲಿಲ್ಲ ಅವಳಿಗೆ. ಅಣ್ಣ ಬಂದು ನೋಡಬೇಕಿತ್ತು.

ನನಗೆ ತಂತ್ರಾಂಶ ಕಲಿಸಿದವನು ಪಾವಗಡದ ಓಬುಳೇಶ, ಪರದೆ ಬಾಡಿಗೆಗೆ ಕೊಡುವವನು. ಅವನೂ ಅರ್ಧ ಕಲಿತವನೇ, ಧೈರ್ಯ ಮಾತ್ರ ಪೂರ್ತಿ. ಪರದೆಗೆ ಹೋಗುವ ಚಿತ್ರಗಳನ್ನು ಲೇಯರುಗಳಲ್ಲಿ, ಅಂದರೆ ಒಂದರ ಮೇಲೊಂದು ಪದರವಾಗಿ ಜೋಡಿಸಬೇಕು. ಪ್ರತಿ ಪದರಕ್ಕೂ ಒಂದು ಜಾರುಗುಂಡಿ. ಅದನ್ನು ಎಳೆದಂತೆ ಚಿತ್ರ ಗಾಢವಾಗುತ್ತದೆ, ಇಳಿಸಿದಂತೆ ಕರಗುತ್ತದೆ. ಇಷ್ಟೇ ತಾನೇ ಎಂದುಕೊಂಡು ನಾನು ಪತ್ರಿಕೆಯ ಪುಟ ಕಟ್ಟಿದ ಹಾಗೆ ಕಟ್ಟಿದೆ. ಕೆಳಗೆ ಬಂಡೆ, ನಡುವೆ ಕೋಟೆ, ಮೇಲೆ ಆಕಾಶ. ಪರದೆ ಹತ್ತಿಸಿದರೆ ಬರೀ ಆಕಾಶ. ಕೋಟೆಯೂ ಇಲ್ಲ, ಬಂಡೆಯೂ ಇಲ್ಲ.

"ಏಮಿ ಸಾರ್, ಕ್ವಾಟೇನೇ ನುಂಗ್‌ಬುಟ್ರಲ್ಲ. ಮೇಲೆ ಅಂದ್ರೆ ಮುಂದೆ ಅಂತ ಸಾರ್."

"ಆಕಾಶ ಮೇಲಲ್ಲದೆ ಇನ್ನೆಲ್ಲಿರುತ್ತಪ್ಪ?"

"ನಿಮ್ಮೂರಾಗೆ ಮೇಲಿರ್ಲಿ. ಇದ್ರಾಗೆ ಎಲ್ಲಕ್ಕಿಂತ ಕೆಳಗೆ."

ಯೋಚಿಸಿ ನೋಡಿದರೆ ಇದು ಹೊಸದೇನಲ್ಲ. ಹಿಂದೆ ನಮ್ಮ ಕಡೆಯ ನಾಟಕಗಳಲ್ಲಿ ಅರಮನೆ, ಬೀದಿ, ಕಾಡು ಎಂದು ಬಣ್ಣ ಬರೆದ ಪರದೆಗಳಿದ್ದವು. ಮುಂದಿನದನ್ನು ಸುತ್ತಿದರೆ ಹಿಂದಿನದು ಕಾಣುತ್ತಿತ್ತು. ಹಗ್ಗ ಸಿಕ್ಕಿಕೊಂಡ ದಿನ ರಾಜ ಕಾಡಿನಲ್ಲೇ ಸಭೆ ನಡೆಸುತ್ತಿದ್ದ, ಸಭಿಕರೂ ಬೇಸರಿಸುತ್ತಿರಲಿಲ್ಲ. ಆ ಬಟ್ಟೆಯ ಪರದೆಗೆ ಒಂದು ಸದ್ಗುಣವಿತ್ತು. ಅದು ಹೊಳೆಯುತ್ತಿರಲಿಲ್ಲ.

ನನ್ನದು ಹೊಳೆಯುತ್ತಿತ್ತು. ಕೋಟೆಗೆ ಬೆಂಕಿ ಬೀಳುವ ದೃಶ್ಯಕ್ಕೆ ನಾನು ಜ್ವಾಲೆ, ಹೊಗೆ, ಕಿಡಿ ಎಂದು ಪದರದ ಮೇಲೆ ಪದರ ಏರಿಸಿದ್ದೆ. ತಾಲೀಮಿನಲ್ಲಿ ದಳವಾಯಿಯ ಪಾತ್ರದ ಗಂಗಮ್ಮ ವೇದಿಕೆಯಿಂದ ಕೆಳಗಿಳಿದು ನೋಡಿ, "ವಿಶಾಲಮ್ಮಾರೆ, ನಿಮ್ಮ ಮಕನೇ ಕಾಣಾಕಿಲ್ಲ. ಕಿರೀಟ ಒಂದೇ ಮಾತಾಡ್ದಂಗೈತೆ" ಎಂದರು. ನನಗೆ ಕೋಪ ಬಂತು. ಜ್ವಾಲೆಯನ್ನು ಇನ್ನಷ್ಟು ಏರಿಸಿದೆ.

ಪ್ರದರ್ಶನದ ಸಂಜೆ ಓಬುಳೇಶ ಇನ್ನೊಂದು ಪರದೆ ಹೊತ್ತು ಕೊಳಾಲದ ಮದುವೆಗೆ ಹೋಗಿದ್ದ. ಹೊರಡುವ ಮುನ್ನ, "ಏನಾದ್ರೂ ಆದ್ರೆ ಈ ಮಾಸ್ಟರ್ ಗುಂಡಿ ಇಳಿಸ್ಬುಡಿ ಸಾರ್, ಎಲ್ಲ ಕಪ್ಪಾಗ್ತದೆ" ಎಂದಿದ್ದ. ನಾನು ಸಭಾಂಗಣದ ಹಿಂಬದಿಯಲ್ಲಿ ಕೂತಿದ್ದೆ, ಕೂರಲಾರದೆ ಏಳುತ್ತಿದ್ದೆ. ಮುಂದಿನ ಸಾಲಿನಲ್ಲಿ ವಿಶಾಲಾಕ್ಷಿ ಅಣ್ಣನಿಗೆಂದು ಕಾದಿರಿಸಿದ ಕುರ್ಚಿ ಖಾಲಿಯಿತ್ತು. ರಾಣಿ ಮಾತಾಡುವಾಗಲೂ ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಕೋಟೆ ಹತ್ತಿಕೊಂಡಿತು. ಜ್ವಾಲೆ ಛಾವಣಿ ಮುಟ್ಟುವಂತಿತ್ತು. ಹಿಂಬಾಗಿಲಿನಿಂದ ಹಣೆಯ ತುಂಬ ವಿಭೂತಿ ಧರಿಸಿದ ಒಬ್ಬರು ಸರಸರನೆ ನಡೆದು ಬಂದು ನೇರ ವೇದಿಕೆ ಹತ್ತಿದರು. ರುದ್ರಣ್ಣ. ಕೈಯಲ್ಲಿ ಸೇವಂತಿಗೆ ಹಾರ.

ನಮ್ಮ ಸೀಮೆಯಲ್ಲಿ ಇದು ಪದ್ಧತಿ. ನಟರ ನೆಂಟರು ದೃಶ್ಯದ ನಡುವೆಯೇ ಹತ್ತಿ ಹಾರ ಹಾಕುತ್ತಾರೆ, ಅಷ್ಟು ಹೊತ್ತು ಯುದ್ಧವೂ ಕಾಯುತ್ತದೆ. ಹುಟ್ಟಿದಾಗಿನಿಂದ ನೋಡಿದ ನಾನು ಅದಕ್ಕೊಂದು ಚಿತ್ರ ಇಟ್ಟುಕೊಳ್ಳುವುದನ್ನೇ ಮರೆತಿದ್ದೆ. ಈಗ ಅಣ್ಣ ತಂಗಿ ಇಬ್ಬರೂ ಉರಿಯ ಮುಂದೆ ಎರಡು ಕಪ್ಪು ನೆರಳುಗಳು. ಅವಳ ಅಣ್ಣ ಬಂದಿದ್ದ, ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ.

ಕೈ ಮೊದಲು ಕಿಡಿಯ ಗುಂಡಿಗೆ ಹೋಯಿತು, ಆಮೇಲೆ ಹೊಗೆಗೆ, ಆಮೇಲೆ ಆಕಾಶಕ್ಕೆ. ಕೊನೆಗೆ ಮಾಸ್ಟರ್ ಹಿಡಿದು ಪೂರ್ತಿ ಇಳಿಸಿಬಿಟ್ಟೆ. ಪರದೆ ಕಪ್ಪಾಯಿತು. ಮೇಲಿನ ಎರಡು ಹಳದಿ ಬಲ್ಬುಗಳ ಬೆಳಕಿನಲ್ಲಿ, ಮೂಗಿನ ಮೇಲೆ ಬೆವರಿಗೆ ಬಣ್ಣ ಕದಡಿದ್ದ ನನ್ನ ಹೆಂಡತಿಯ ಮುಖ ಕಂಡಿತು. ರುದ್ರಣ್ಣ ನೋಡುತ್ತಲೇ ನಿಂತ. ತಲೆಯ ಮೇಲೆ ಮೈಕು ತೂಗುತ್ತಿರುವುದು ಅವನಿಗೇನು ಗೊತ್ತು?

"ಗಂಟ್ಲು ಕಟ್ಟೈತಲ್ಲಮ್ಮ. ಬಿಸ್ನೀರು ಕುಡ್ಯಬಾರ್ದಾ?"

"ಆಮ್ಯಾಕೆ ಕುಡೀತೀನಿ ಅಣ್ಣ, ನೀ ಇಳಿ. ಯುದ್ಧ ಐತೆ."

ಸಭೆಯೆಲ್ಲ ನಕ್ಕಿತು. ರುದ್ರಣ್ಣ ಹಾರ ಹಾಕಿ, ಇಳಿದು, ಆ ಕುರ್ಚಿಯಲ್ಲಿ ಕೂತ. ಮತ್ತೆ ಜ್ವಾಲೆ ಏರಿಸಬೇಕಾದ ಹೊತ್ತು ಅದು. ನನ್ನ ಬಲಗೈ ಮೇಜಿನ ಮೇಲೆ ಬಿದ್ದುಕೊಂಡಿತ್ತು, ಏಳಲಿಲ್ಲ. ರಾಣಿ ಬೆಂಕಿಯಿಲ್ಲದೆಯೇ ಕೋಟೆ ಉಳಿಸಿಕೊಂಡಳು.

ಮನೆಯಲ್ಲಿ ಊಟಕ್ಕೆ ಕೂತಾಗ ರುದ್ರಣ್ಣ ಹೇಳಿದ, "ನಾ ಹತ್ತೋ ಹೊತ್ಗೆ ಸರ್ಯಾಗಿ ಕರೆಂಟು ಹೋಯ್ತು ನೋಡು, ನಿನ್ನ ಮಕ ಕಾಣ್ತು." ವಿಶಾಲಾಕ್ಷಿಯೂ ಹೌದೆಂದಳು: "ಆ ಟೈಮಿಗೆ ಹೋಗಿದ್ದೇ ಪುಣ್ಯ. ಪಾಪ, ಇವರು ಅಷ್ಟು ಕಷ್ಟಪಟ್ಟು ಬೆಂಕಿ ಮಾಡಿದ್ರು."

ಕರೆಂಟು ಹೋಗಿದ್ದರೆ ಬಲ್ಬು ಹೇಗೆ ಉರಿಯಿತು, ಮೈಕು ಹೇಗೆ ಕೇಳಿಸಿತು ಎಂದು ಇಬ್ಬರೂ ಕೇಳಲಿಲ್ಲ. ಪತ್ರಿಕೆಯವನಾದ ನಾನು ಕೇಳಬೇಕಿತ್ತು. ತಿದ್ದುಪಡಿ ಪ್ರಕಟಿಸದೆ ಬಿಟ್ಟ ಮೊದಲ ತಪ್ಪು ವರದಿ ಅದು. ಬಲಗೈಗೆ ಅನ್ನ ಕಲಸುವ ಕೆಲಸವಿತ್ತು, ಅದನ್ನೇ ಮಾಡಿತು.