ಜಟ್ಟುವಿನ ಬೆಲ್ಟು, ಕುಪ್ಪನ ಬರಿಗಾಲು

ಅವರ್ಸಾದ ಜಟ್ಟು ನಾಯ್ಕನ ಕಸುಬು ಮರ ಹತ್ತುವುದು, ಟೊಂಗೆ ಕಡಿಯುವುದು. ಅಂಕೋಲೆಯಿಂದ ಕಾರವಾರದ ತನಕ ಮನೆಯ ಮೇಲೆ ಒರಗಿದ ತೆಂಗು, ಕರೆಂಟಿನ ತಂತಿಗೆ ತಾಗಿದ ಹಲಸು, ಹಂಚು ಒಡೆಯುವ ಮಾವು, ಯಾವುದೂ ತನ್ನ ಕತ್ತಿಯಿಂದ ತಪ್ಪಿಸಿಕೊಂಡಿಲ್ಲ ಎಂದು ಅವನೇ ಹೇಳುತ್ತಿದ್ದ. ಅದು ನಿಜವೂ ಆಗಿತ್ತು, ಗೇರು ಮರದಿಂದ ಬೀಳುವ ತನಕ.

ಗೇರು ಮರವೆಂದರೆ ಎಷ್ಟು ಎತ್ತರ? ಅವನು ಬಿದ್ದ ಟೊಂಗೆ ಎಮ್ಮೆಯ ಬೆನ್ನಿಗಿಂತ ತುಸು ಮೇಲಿತ್ತು. ಶಾಲೆಯ ಮಕ್ಕಳು ಕೂತು ಉಪ್ಪು-ಖಾರ ಹಚ್ಚಿದ ಹಣ್ಣು ತಿನ್ನುವ ಟೊಂಗೆ ಅದು. ಆದರೆ ಊರಿನವರು ಕೇಳಿದಾಗ ಜಟ್ಟು ಸೊಂಟ ಹಿಡಿದುಕೊಂಡು, “ತೆಂಗಿನ ಮರ ಮಾರಾಯಾ, ತುದಿಯಿಂದ” ಎಂದ. ಹೆಂಡತಿ ರುಕ್ಮಿಣಿ ಮಾತ್ರ ಅವನ ಅಂಗಿ ಒಗೆಯುತ್ತ ಕೇಳಿದಳು:

“ತೆಂಗಿನ ಮರದಲ್ಲಿ ಗೇರುಹಣ್ಣು ಬಿಡೂಕೆ ಯಾವಾಗಿಂದ ಸುರು ಆಯ್ತ್ರಾ? ಈ ಕಲೆ ಸಾಬೂನಿಗೂ ಹೋಗೂದಿಲ್ಲ, ನಿಮ್ಮ ಸುಳ್ಳಿಗೂ ಹೋಗೂದಿಲ್ಲ.”

ಸೊಂಟದ ನೋವು ವಾರದೊಳಗೆ ಇಳಿಯಿತು. ಇಳಿಯದೆ ಉಳಿದದ್ದು ಬೇರೆ. ತೆಂಗಿನ ಬುಡದಲ್ಲಿ ನಿಂತು ತಲೆ ಎತ್ತಿದರೆ ಸಾಕು, ಆಕಾಶ ಗಿರಗಿರ ತಿರುಗುತ್ತಿತ್ತು. ಹೆದರಿಕೆ ಎಂಬ ಶಬ್ದ ಜಟ್ಟುವಿನ ಬಾಯಿಂದ ಹೊರಬೀಳಲು ಒಪ್ಪಲಿಲ್ಲ. ಅದರ ಬದಲು ‘ಸೇಫ್ಟಿ’ ಎಂಬ ಶಬ್ದ ಹೊರಬಿತ್ತು.

ಆಮೇಲೆ ಸಾಮಾನು ಬರತೊಡಗಿತು. ಮೊದಲು ಹಳದಿ ಹೆಲ್ಮೆಟ್. ಹೆಲ್ಮೆಟ್ಟಿಗೆ ಒಪ್ಪುವ ಕಪ್ಪು ಕನ್ನಡಕ. ತೊಡೆಗೂ ಸೊಂಟಕ್ಕೂ ಬಿಗಿಯುವ ಸೇಫ್ಟಿ ಬೆಲ್ಟು, ಅದಕ್ಕೆ ತೂಗಿಬಿಡುವ ಉಕ್ಕಿನ ಕೊಂಡಿಗಳು. ಕಾಲಿಗೆ ಕಟ್ಟುವ ಕಬ್ಬಿಣದ ಮುಳ್ಳು. ಬೈತಖೋಲದ ಬೋಟಿನವರು ಬಳಸುವಂಥ ದಪ್ಪ ಹಗ್ಗ. ಕೊನೆಗೆ ಪೆಟ್ರೋಲಿನಲ್ಲಿ ಓಡುವ ಕೊಯ್ಯುವ ಮಷಿನ್ನು. ಒಂದು ಸಾಮಾನು ಬರುವ ತನಕ ಅದಿಲ್ಲವೆಂದು ಮರ ಹತ್ತುವಂತಿಲ್ಲ. ಬಂದ ಮೇಲೆ ಅದರ ಜೊತೆಯದು ಇಲ್ಲವೆಂದು ಹತ್ತುವಂತಿಲ್ಲ. ಹೆದ್ದಾರಿ ಬದಿಯ ಚಹಾದಂಗಡಿಗೆ ಅವನು ಬೆಲ್ಟು ಬಿಗಿದುಕೊಂಡೇ ಬರುತ್ತಿದ್ದ. ಕೂತರೆ ಕೊಂಡಿಗಳು ಝಣ್ ಎನ್ನುತ್ತಿದ್ದವು, ಮದುವೆ ಮನೆಯಲ್ಲಿ ಬಳೆ ತುಂಬಿಕೊಂಡ ಮದುಮಗಳಂತೆ.

ಅವನ ಜೊತೆಗಾರ ಹಿಲ್ಲೂರಿನ ಕುಪ್ಪ ಗೌಡ. ಅವನದು ತೀರ ಉಲ್ಟಾ ಹುಚ್ಚು. ಬರಿಗಾಲು, ಸೊಂಟದಲ್ಲಿ ಕತ್ತಿ, ಪಾದಕ್ಕೆ ಸಿಕ್ಕಿಸಿಕೊಳ್ಳಲು ನಾರಿನ ಹಗ್ಗದ ಬಳೆ, ಇಷ್ಟೇ. ಚಪ್ಪಲಿ ಹಾಕಿದವನನ್ನು ಕಂಡರೂ ಅವನಿಗೆ ಸ್ವಲ್ಪ ಕನಿಕರ. ಜಟ್ಟು ಹೊಸ ಹೆಲ್ಮೆಟ್ ತಟ್ಟಿ ತೋರಿಸಿದ ದಿನ ಕುಪ್ಪ ಚಹಾದಂಗಡಿ ತುಂಬ ಕೇಳುವಂತೆ ಹೇಳಿದ:

“ನಮ್ಮಜ್ಜ ಯಂತಾ ಹೆಲ್ಮೆಟ್ ಹಾಕ್ಕಂಡ್ ಹತ್ತಿದ್ನೋ? ಸಾಯೂ ತನಕಾ ಹತ್ತಿದಾ!”

“ಹೌದು, ಸಾಯೂ ತನಕಾ” ಎಂದ ಜಟ್ಟು. “ಸತ್ತದ್ದು ಎಲ್ಲಿಂದ ಬಿದ್ದು ಅಂತಾನೂ ಹೇಳು.”

ಕುಪ್ಪ ಇನ್ನೊಂದು ಚಹಾ ಹೇಳಿದ. ಹಾಗೆ ನೋಡಿದರೆ ಅವನ ದೊಡ್ಡಪ್ಪನೂ ಹಾಸಿಗೆಯಲ್ಲಿ ಸತ್ತವನಲ್ಲ. ವಂಶದ ಕೀರ್ತಿ ಹೇಳುವಾಗ ಮರದ ಬುಡದ ತನಕ ಬಾರದೆ ಅರ್ಧಕ್ಕೇ ನಿಲ್ಲಿಸುವುದು ಅವನಿಗೆ ಅಭ್ಯಾಸವಾಗಿತ್ತು.

ಹೀಗೆ ಒಬ್ಬ ಕೆಳಗೆ ನಿಂತು ಉಪದೇಶ ಮಾಡುವುದು, ಇನ್ನೊಬ್ಬ ಮೇಲಿಂದ ಬೈಯುವುದು ನಡೆದಿತ್ತು. ಆಗ ಶಿರವಾಡದ ಕಾಶಿ ಅಕ್ಕೋರಿಂದ ಕರೆ ಬಂತು. ಅಕ್ಕೋರು ನಿವೃತ್ತ ಶಿಕ್ಷಕಿ. ಅವರ ಅಂಗಳದ ಇಶಾಡ ಮಾವಿನ ದೊಡ್ಡ ಟೊಂಗೆಯೊಂದು ಅಡುಗೆಮನೆಯ ಹಂಚಿನ ಮೇಲೆ ಬಗ್ಗಿತ್ತು. ಮಳೆಗಾಲದ ಗಾಳಿ ಸುರುವಾಗುವ ಮೊದಲು ಅದನ್ನು ತೆಗೆಯಬೇಕು.

ಜಟ್ಟು ಬಾಡಿಗೆಯ ಟೆಂಪೋದಲ್ಲಿ ಸಾಮಾನು ತಂದು ಅಂಗಳದಲ್ಲಿ ತಾಡಪತ್ರಿ ಹಾಸಿ ಒಂದೊಂದಾಗಿ ಇಟ್ಟ. ನೆರೆಯವರು ಮೀನು ಪೇಟೆಯಲ್ಲಿ ಇಸ್ವಾಣ ನೋಡುವಂತೆ ಬಗ್ಗಿ ನೋಡಿದರು. ಅಕ್ಕೋರು ಎರಡನೆಯ ಸಲ ಚಹಾ ತಂದಾಗಲೂ ಜಟ್ಟು ಕೊಂಡಿಯ ಗುಣ ವಿವರಿಸುತ್ತಲೇ ಇದ್ದ.

“ಅಲ್ಲಾ ಜಟ್ಟು, ಪಾಠ ಆಯ್ತು. ಪರೀಕ್ಷೆ ಯಾವಾಗಾ?” ಎಂದರು ಅಕ್ಕೋರು.

“ಗಡಿಬಿಡಿ ಮಾಡೂಕೆ ಆಗೂದಿಲ್ರಾ ಅಕ್ಕೋರೆ. ಮೊದಲು ಗಾಳಿ ನೋಡ್ಬೇಕು.”

ಎಲೆಯೊಂದೂ ಅಲುಗುತ್ತಿರಲಿಲ್ಲ. ಜಟ್ಟು ಬೆರಳು ನೆಕ್ಕಿ ಎತ್ತಿ ಹಿಡಿದು ಗಾಳಿ ನೋಡುತ್ತಿರುವಷ್ಟರಲ್ಲಿ ಕುಪ್ಪ ಚಹಾ ಮುಗಿಸಿ, ಬಾಯಿ ಒರೆಸಿ, ಬರಿಗಾಲಲ್ಲಿ ಸರಸರನೆ ಹತ್ತಿಹೋದ. ಮಷಿನ್ನನ್ನು ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಂಡ. ಅದೊಂದನ್ನು ಮಾತ್ರ ಅವನು ಬೇಡವೆನ್ನುತ್ತಿರಲಿಲ್ಲ. ಅಜ್ಜ ಅದನ್ನು ಕಂಡಿದ್ದರೆ ಬಿಡುತ್ತಿರಲಿಲ್ಲವಂತೆ.

“ಮೊದಲು ಅಡಿಯಿಂದ ಸ್ವಲ್ಪ ಕೊಯ್ಯೋ! ಆಮೇಲೆ ಮೇಲಿಂದ! ಇಲ್ಲಂದ್ರೆ ಸೀಳ್ತದೆ!” ಜಟ್ಟು ಕೂಗಿದ.

“ಕೆಳಗೆ ನಿಂತವ್ರು ಚಹಾ ಕುಡೀಲಿ!” ಎಂದು ಕುಪ್ಪ ಮೇಲಿಂದಲೇ ಕೊಯ್ದ.

ಟೊಂಗೆ ಅರ್ಧ ಕಡಿಯುವಷ್ಟರಲ್ಲಿ ಚರ್ರನೆ ಸೀಳಿತು. ಸೀಳಿದ ತುಂಡು ಹಿಂದಕ್ಕೆ ಚಿಮ್ಮಿ ಕುಪ್ಪನ ಭುಜಕ್ಕೆ ಅಪ್ಪಳಿಸಿತು. ಮಷಿನ್ನು ಸೌದೆಯ ರಾಶಿಯ ಮೇಲೆ ಬಿತ್ತು, ಟೊಂಗೆ ಹಂಚನ್ನು ಸವರಿಕೊಂಡು ಬಾವಿಕಟ್ಟೆಯ ಆಚೆ ಬಿತ್ತು. ಕುಪ್ಪ ಜಾರಿ ಎರಡು ಕವಲಿನ ನಡುವೆ ಸಿಕ್ಕಿಕೊಂಡು ಕೂತ. ಅವನ ಬಲಗೈ ಹರಿದ ಚೀಲದ ಹಾಗೆ ಜೋತುಬಿದ್ದಿತ್ತು.

ಅಂಗಳದಲ್ಲಿ ಇದ್ದವರೆಲ್ಲ ಜಟ್ಟುವಿನ ಕಡೆ ತಿರುಗಿದರು. ಹೆಲ್ಮೆಟ್, ಕನ್ನಡಕ, ಬೆಲ್ಟು, ಕಾಲಲ್ಲಿ ಮುಳ್ಳು. ಇವನಲ್ಲದೆ ಇನ್ಯಾರು ಹತ್ತಬೇಕು?

“ಫಾಯರ್ ಬ್ರಿಗೇಡಿಗೆ ಫೋನ್ ಮಾಡೂದು ಒಳ್ಳೇದು” ಎಂದ ಜಟ್ಟು.

“ಮಾಡಿದೆ. ಅವರು ಬರೂ ತನಕ ಅಂವಾ ಬಿದ್ದೋದ್ರೆ?” ಎಂದರು ಅಕ್ಕೋರು.

ಮೇಲಿಂದ ಕುಪ್ಪನ ದನಿ ಬಂತು. ಅದರಲ್ಲಿ ಬೈಗುಳ ಇರಲಿಲ್ಲ. “ಜಟ್ಟೂ, ಕಣ್ಣು ಕತ್ತಲೆ ಬತ್ತಾ ಅದೆ ಮಾರಾಯಾ.”

ಬೈದಿದ್ದರೆ ಜಟ್ಟು ಕೆಳಗೇ ನಿಂತು ತಿರುಗಿ ಬೈಯುತ್ತಿದ್ದ. ಈ ಮೆತ್ತಗಿನ ದನಿ ಕೇಳಿ ಅಕ್ಕೋರ ಗಿಡ್ಡ ಏಣಿ ತಂದು ಒರಗಿಸಿದ. ಕಾಂಡದಿಂದ ಕಣ್ಣು ಕೀಳದೆ, ತೊಗಟೆಯ ಮೇಲಿನ ಕೆಂಪಿರುವೆಗಳನ್ನೇ ನೋಡುತ್ತ, ಕೊಂಡಿ ಹಾಕುತ್ತ ತೆಗೆಯುತ್ತ ಹತ್ತಿದ. ಕಬ್ಬಿಣದ ಮುಳ್ಳು ಎರಡು ಸಲ ಅವನದೇ ಪಂಚೆಗೆ ಸಿಕ್ಕಿತು. ಮೂರನೆಯ ಸಲ ಸಿಕ್ಕಾಗ ಪಂಚೆ ಮರದಲ್ಲೇ ಉಳಿಯಿತು, ಜಟ್ಟು ಚಡ್ಡಿಯಲ್ಲಿ ಮುಂದೆ ಹೋದ. ಅದೃಷ್ಟಕ್ಕೆ ಚಡ್ಡಿಯ ಮೇಲೆ ಬೆಲ್ಟು ಇತ್ತು.

ಕುಪ್ಪನ ಹತ್ತಿರ ಹೋದಮೇಲೆ ಕೈಗಳಿಗೆ ಹಳೆಯ ಕಸುಬು ನೆನಪಾಯಿತು. ಒಂದು ತೋಳಿನಿಂದ ಕವಲನ್ನು ತಬ್ಬಿಕೊಂಡು ತನ್ನ ಬೆಲ್ಟು ಬಿಚ್ಚಿ ಕುಪ್ಪನಿಗೆ ಬಿಗಿದ. ಕುಪ್ಪ ಮಷಿನ್ನು ಎಳೆದುಕೊಂಡಿದ್ದ ಹಗ್ಗದ ಒಂದು ತುದಿಯನ್ನು ಅದರ ಕೊಂಡಿಗೆ ಕಟ್ಟಿ, ಮೇಲಿನ ಕವಲಿಗೆ ದಾಟಿಸಿ ಇನ್ನೊಂದು ತುದಿಯನ್ನು ಕೆಳಕ್ಕೆ ಎಸೆದ. ನೆರೆಯ ಗಂಡಸರು ಬಲೆ ಎಳೆಯುವವರ ಹಾಗೆ ಸಾಲಾಗಿ ಹಿಡಿದು ನಿಧಾನಕ್ಕೆ ಬಿಟ್ಟರು. ಕುಪ್ಪ ಗೌಡ, ಅಜ್ಜ-ದೊಡ್ಡಪ್ಪಂದಿರ ಹಾದಿ ಬಿಟ್ಟು, ಮಾವಿನ ಮರದಿಂದ ಜೀವ ಸಮೇತ ನೆಲಕ್ಕೆ ಬಂದ.

ಕೆಳಗೆ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಜಟ್ಟು ಕೆಳಗೆ ನೋಡಿದ. ಅದೇ ತಪ್ಪಾಯಿತು.

ಅಂಗಳ ಗಿರಗಿರ ತಿರುಗಿತು. ಅವನು ಎರಡೂ ಕೈಯಿಂದ ಮರವನ್ನು ಅವುಚಿ ಹಿಡಿದು ಕಣ್ಣು ಮುಚ್ಚಿದ. ಬೆಲ್ಟನ್ನು ಹಗ್ಗಕ್ಕೆ ಕಟ್ಟಿ ಮತ್ತೆ ಮೇಲಕ್ಕೆ ಕಳಿಸಿದರು. ಅದು ಅವನ ಮೂಗಿನ ಮುಂದೆಯೇ ತೂಗಾಡಿತು.

“ಹಿಡ್ಕೊಳ್ಳೋ ಜಟ್ಟು!” ಎಂದು ಕೆಳಗಿನವರು ಕೂಗಿದರು.

“ಯಂತದ್ರಲ್ಲಿ ಹಿಡೀಲಿ? ಎರಡೂ ಕೈ ಮರಕ್ಕೆ ಬೇಕು!”

ಫಾಯರ್ ಬ್ರಿಗೇಡಿನವರು ಬಂದರು. ಗಲ್ಲಿ ಸಣ್ಣದು, ಉದ್ದ ಏಣಿಯ ಗಾಡಿ ಒಳಗೆ ಬರಲಿಲ್ಲ. ಅವರು ರಸ್ತೆಯ ಮೇಲೇ ನಿಂತು ಜಟ್ಟುವಿಗೆ ಧೈರ್ಯ ಹೇಳಿದರು. ಇಷ್ಟರಲ್ಲಿ ಕುಪ್ಪನನ್ನು ಆಸ್ಪತ್ರೆಗೆ ಒಯ್ಯಲು ರಿಕ್ಷಾ ಬಂದರೆ, ಅವನು ಅಕ್ಕೋರ ಹಳೆಯ ಸೀರೆಯಲ್ಲಿ ಕೈ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕೂತವನು ಏಳಲೇ ಇಲ್ಲ.

“ಆಸ್ಪತ್ರೆ ಎಲ್ಲೂ ಹೋಗೂದಿಲ್ಲ. ಇದು ಮತ್ತೆ ನೋಡೂಕೆ ಸಿಗ್ತದ್ಯಾ?” ಎಂದ. ಆಮೇಲೆ ಮೇಲಕ್ಕೆ ಕೂಗಿದ: “ಏ ಜಟ್ಟು! ಕಣ್ಣು ತೆಗೀಬೇಡಾ. ನಾ ಹೇಳದ್ಹಂಗೆ ಮಾಡು. ಎಡಗಾಲು ಕೆಳಗೆ. ಎಡಗಾಲೋ! ನಿಂಗೆ ಅದೂ ಹೊಸಾದ್ ತರ್ಸ್ಬೇಕಾ? ಹಾಂ. ಅಲ್ಲೇ ಗಂಟು ಅದೆ, ಕಾಲು ಊರು. ಈಗ ಬಲಗಾಲು.”

ಜಟ್ಟು ಕಣ್ಣು ಮುಚ್ಚಿಕೊಂಡೇ ಇಳಿದ. ಒಂದೊಂದು ಹೆಜ್ಜೆಗೂ ಕುಪ್ಪನ ಒಂದೊಂದು ಬೈಗುಳ, ಕೆಲವು ಅಕ್ಕೋರು ಒಳಗೆ ಹೋದಮೇಲೆ ಹೇಳುವಂಥವು. ಅಕ್ಕೋರು ಒಳಗೆ ಹೋಗಲಿಲ್ಲ. ಪಾದಕ್ಕೆ ನೆಲ ತಾಗಿದಾಗಲೂ ಜಟ್ಟುವಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಕಾಲನ್ನು ಇನ್ನೂ ಕೆಳಗೆ ಹುಡುಕುತ್ತಿದ್ದ.

“ಬಂತೋ, ಬಂತು” ಎಂದ ಕುಪ್ಪ. “ಇನ್ನು ಕೆಳಗೆ ಬಾವಿ ಮಾತ್ರಾ ಇರೂದು.”

ನೆರೆಮನೆಯ ಕಿಶನ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಆದರೆ ಕುಪ್ಪ ನೆಲಕ್ಕೆ ಬರುತ್ತಲೇ ಮೊಬೈಲಿನ ಬ್ಯಾಟರಿ ಮುಗಿದಿತ್ತು. ಆದ್ದರಿಂದ ಜಿಲ್ಲೆಯೆಲ್ಲ ಹರಿದಾಡಿದ್ದು ಜಟ್ಟುವಿನ ಶೌರ್ಯ ಮಾತ್ರ. ಒಂದು ಸಂಘದವರು ಅಂಕೋಲೆಯಲ್ಲಿ ಶಾಲು ಹೊದೆಸಿದರು. ಸುರಕ್ಷತೆಯ ಶಿಬಿರಗಳಲ್ಲಿ ಮಾತಾಡಲು ಕರೆ ಬಂತು. ಜಟ್ಟು ವೇದಿಕೆ ಹತ್ತುವುದನ್ನು ಕಲಿತ. ಮೂರೇ ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಕಂಬಿಯೂ ಇರುತ್ತದೆ. ಯಾರಾದರೂ ಮರ ಹತ್ತಿ ತೋರಿಸಿ ಎಂದರೆ ಸೊಂಟ ಹಿಡಿದುಕೊಂಡು, ಡಾಕ್ಟರರು ಬೇಡವೆಂದಿದ್ದಾರೆ ಎನ್ನುತ್ತಾನೆ.

ಆದರೆ ಮನೆಯಲ್ಲಿ ಅವನು ಒಂದು ಸಂಜೆ ತಾನಾಗಿಯೇ ಹೇಳಿದ: “ಏ ರುಕ್ಮಿಣಿ, ನಂಗೆ ಹೆದ್ರಿಕೆ ಆಗ್ತದೆ. ಇನ್ನು ಹತ್ತೂಕೆ ಆಗೂದಿಲ್ಲ.”

ರುಕ್ಮಿಣಿ ಚಿಪ್ಪಿನಿಂದ ಬಳಚಿನ ಮಾಂಸ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಊರಿಗೆಲ್ಲಾ ಗೊತ್ತದೆ. ನಿಮ್ಗೆ ಗೊತ್ತಾಗೂಕೆ ಇಷ್ಟ್ ದಿನಾ ಬೇಕಾಯ್ತು” ಎಂದಳು.

ಮಳೆಗಾಲ ಮುಗಿದು ಕುಪ್ಪನ ಭುಜ ಸರಿಯಾದಮೇಲೆ ಇಬ್ಬರೂ ಮತ್ತೆ ಕೆಲಸಕ್ಕೆ ಹೊರಟರು. ಈಗ ಕುಪ್ಪ ದೊಗಳೆ ಅಂಗಿ ಹಾಕುತ್ತಾನೆ. ಅದರೊಳಗೆ ಜಟ್ಟುವಿನ ಬೆಲ್ಟು ಇರುತ್ತದೆ. ಇಲ್ಲವೆಂದೇ ಅವನು ಹೇಳುವುದು. ಹತ್ತುವ ಮೊದಲು ಜಟ್ಟು ಅವನನ್ನು ಮನೆಯ ಹಿಂದೆ ಕರೆದುಕೊಂಡು ಹೋಗಿ, ಕೊಂಡಿಗಳನ್ನು ಎಳೆದೆಳೆದು ನೋಡುತ್ತಾನೆ. ಕುಪ್ಪ ಕಚಗುಳಿಯಾದವನಂತೆ ಕೊಸರಾಡುತ್ತಾನೆ, ಬೈಯುತ್ತಾನೆ, ಆದರೆ ನಿಂತುಕೊಳ್ಳುತ್ತಾನೆ. ಮೊದಲು ಅಡಿಯಿಂದ ಕೊಯ್ಯುತ್ತಾನೆ. ಟೊಂಗೆ ಸೀಳದೆ ನೆಟ್ಟಗೆ ಬಿದ್ದಾಗ, ಇದು ಅಜ್ಜನ ಕಾಲದಿಂದಲೂ ತಮ್ಮ ಮನೆತನದ ಪದ್ಧತಿ ಎಂದು ಮೇಲಿಂದ ಕೂಗಿ ಹೇಳುತ್ತಾನೆ. ಜಟ್ಟು ಕೆಳಗೆ ಹಗ್ಗವನ್ನು ಬಿಗಿಯಾಗಿ ಹಿಡಿದಿರುತ್ತಾನೆ, ತಲೆಯನ್ನು ಮಾತ್ರ ಎತ್ತುವುದಿಲ್ಲ.